ಕ್ರಿಷೋನಾ ಗುಡ್ಡದ ದೇವಾಲಯ: ಏರುವದಕ್ಕೂ ಇಳಿಯುವದಕ್ಕೂ ಒಂದು ಪಾಠ

ಓದತಕ್ಕ ವೇದಭಾಗಗಳು: ಮತ್ತಾಯ ೧೭:೧–೨೦, ನೆಹೆಮೀಯ ೨:೧೧–೧೮, ಅಪೊಸ್ತಲರ ಕೃತ್ಯಗಳು ೧೮:೧–೪, ಯೆಶಾಯ ೨:೨–೪.

ಸತ್ಯವೇದವನ್ನು ಓದುವವರಿಗೆ ಬೆಟ್ಟಗುಡ್ಡಗಳ ಹೆಸರುಗಳು ಹೊಸವಲ್ಲ. ಸೀನಾಯಿಬೆಟ್ಟದ ಮೇಲೆ ಮೋಶೆಯು ಆಜ್ಞೆಗಳನ್ನು ಹೊಂದಿದನು. ಕರ್ಮೆಲಿನ ಮೇಲೆ ಎಲೀಯನು ಕೆಡವಲ್ಪಟ್ಟಿದ್ದ ಯಜ್ಞವೇದಿಯನ್ನು ತಿರಿಗಿ ಕಟ್ಟಿದನು. ನಮ್ಮ ಕರ್ತನು ಜನರ ಗುಂಪನ್ನು ಬಿಟ್ಟು ಪ್ರಾರ್ಥನೆಗಾಗಿ ಏಕಾಂತವಾಗಿ ಗುಡ್ಡವನ್ನು ಏರುತ್ತಿದ್ದನು. ಈ ವೃತ್ತಾಂತಗಳನ್ನು ಕಡೇ ವರೆಗೆ ಓದಿ ನೋಡಿದರೆ ಒಂದು ಸಂಗತಿ ತಿಳಿದುಬರುವದು: ಏರಿದವರಲ್ಲಿ ಯಾರೂ ಅಲ್ಲಿಯೇ ಮನೆಮಾಡಿಕೊಂಡು ನಿಲ್ಲಲಿಲ್ಲ. ಮೋಶೆಯು ಇಳಿದು ಬಂದು ಪಾಳೆಯದ ಜನರ ಪಾಪವನ್ನು ಎದುರಿಸಬೇಕಾಯಿತು. ಕರ್ತನು ರೂಪಾಂತರಗೊಂಡ ಗುಡ್ಡದ ಮೇಲೆ ಪೇತ್ರನು ಮೂರು ಗುಡಾರಗಳನ್ನು ಕಟ್ಟಬೇಕೆಂದು ಅಪೇಕ್ಷಿಸಿದನು. ಆದರೆ ಕೆಳಗೆ ಒಬ್ಬ ತಂದೆಯು ಮೂರ್ಛೆರೋಗದಿಂದ ಬೀಳುತ್ತಿದ್ದ ತನ್ನ ಮಗನನ್ನು ಹಿಡುಕೊಂಡು ಕಾದಿದ್ದನು.

ಈ ಪಾಠದಲ್ಲಿ ನಾವು ನೋಡತಕ್ಕ ಗುಡ್ಡವು ವೇದದಲ್ಲಿ ಹೇಳಲ್ಪಟ್ಟದ್ದಲ್ಲ. ಅದು ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಪಟ್ಟಣದ ಹತ್ತಿರ ಇರುವ ಒಂದು ಸಾಧಾರಣ ಗುಡ್ಡ. ಬಾಸೆಲಿನ ಹೆಸರು ಕನ್ನಡ ನಾಡಿನ ಸಭೆಗಳಿಗೆ ಚೆನ್ನಾಗಿ ಗೊತ್ತುಂಟು. ೧೮೩೪ನೇ ಇಸವಿಯಲ್ಲಿ ಹೆಬಿಖ್, ಲೇನರ್, ಗ್ರೈನರ್ ಎಂಬ ಮೂವರು ಆ ಪಟ್ಟಣದ ಮಿಶನಿನಿಂದ ಕಳುಹಿಸಲ್ಪಟ್ಟು ಮಂಗಳೂರಿಗೆ ಬಂದಿಳಿದರು. ಆ ಮಿಶನ್ ಹುಟ್ಟಿದ ಕಾಲದಲ್ಲಿ ಮುಖ್ಯವಾಗಿ ಕೆಲಸಮಾಡಿದ ಒಬ್ಬ ಮನುಷ್ಯನೇ, ಮುಂದೆ ಆ ಗುಡ್ಡದ ಮೇಲೆ ಹಾಳುಬಿದ್ದಿದ್ದ ಒಂದು ದೇವಾಲಯವನ್ನು ಎತ್ತಿ ನಿಲ್ಲಿಸಿದನು. ಆ ಕಾರಣದಿಂದ ಈ ಗುಡ್ಡದ ಕಥೆಯು ನಮಗೆ ಪರರ ಕಥೆಯಲ್ಲ.

೧. ದಾರಿ

ಗುಡ್ಡದ ಹೆಸರು ಸೇಂಟ್ ಕ್ರಿಷೋನಾ. ಅದು ಸಮುದ್ರಮಟ್ಟಕ್ಕಿಂತ ೫೨೨ ಮೀಟರ್, ಅಂದರೆ ಸುಮಾರು ೧,೭೦೦ ಅಡಿ ಎತ್ತರವಾಗಿದೆ. ಬಾಸೆಲ್ ಪಟ್ಟಣದೊಳಗೆ ಹರಿಯುವ ರೈನ್ ನದಿಯ ಮಟ್ಟವೇ ಸುಮಾರು ೮೦೦ ಅಡಿ ಇರುವದರಿಂದ, ನದೀತೀರದಿಂದ ಹೊರಟವನು ಏರಬೇಕಾದದ್ದು ೯೦೦ ಅಡಿಯಷ್ಟೇ. ಸ್ವಿಟ್ಜರ್ಲೆಂಡೆಂದರೆ ಹಿಮ ಮುಚ್ಚಿದ ಆಲ್ಪ್ಸ್ ಪರ್ವತಗಳನ್ನೇ ಮನಸ್ಸಿಗೆ ತಂದುಕೊಳ್ಳುವವರಿಗೆ ಇದು ಗುಡ್ಡವೆಂದು ಕಾಣಲಿಕ್ಕಿಲ್ಲ. ಆದರೂ ಬಾಸೆಲ್ ಪಟ್ಟಣದ ಸೀಮೆಯಲ್ಲಿ ಇದಕ್ಕಿಂತ ಎತ್ತರವಾದ ಸ್ಥಳವಿಲ್ಲ.

ಪಟ್ಟಣದಿಂದ ಈಶಾನ್ಯ ದಿಕ್ಕಿಗೆ ಹೋದರೆ ಮೊದಲು ರೀಹೆನ್ ಎಂಬ ಊರು ಸಿಕ್ಕುತ್ತದೆ. ಅಲ್ಲಿಯ ವರೆಗೆ ಟ್ರಾಮ್ ಗಾಡಿ ಉಂಟು. ಗಣಿತಶಾಸ್ತ್ರದಲ್ಲಿ ಲೋಕಪ್ರಸಿದ್ಧನಾದ ಲೆಯೊನ್ಹಾರ್ಡ್ ಆಯ್ಲರ್ ಎಂಬವನು ೧೭೦೭ರಲ್ಲಿ ಬಾಸೆಲಿನಲ್ಲಿ ಹುಟ್ಟಿ ಈ ಊರಿನಲ್ಲಿಯೇ ಬೆಳೆದನು. ಅವನ ತಂದೆ ಇಲ್ಲಿಯ ಸಭೆಯ ಪಾದ್ರಿಯಾಗಿದ್ದನು. ರೋಗಿಗಳ ಆರೈಕೆಗೆ ತಮ್ಮನ್ನು ಒಪ್ಪಿಸಿಕೊಂಡ ದೀಕನೆಸ್ ಸಹೋದರಿಯರ ಗೃಹವೊಂದು ೧೮೫೨ರಲ್ಲಿ ಇದೇ ಊರಿನಲ್ಲಿ ಸ್ಥಾಪಿಸಲ್ಪಟ್ಟಿತು.

ರೀಹೆನನ್ನು ಬಿಟ್ಟು ಮೇಲಕ್ಕೆ ಹೋಗುವ ದಾರಿಯು ಬೆಟ್ಟಿಂಗೆನ್ ಎಂಬ ಚಿಕ್ಕ ಹಳ್ಳಿಯನ್ನು ಹಾದು ಹೋಗುತ್ತದೆ. ಹಣ್ಣಿನ ಮರಗಳಿರುವ ಹುಲ್ಲುಗಾವಲುಗಳ ನಡುವೆ ದಾರಿಯು ಮೆಲ್ಲಮೆಲ್ಲನೆ ಏರುವದು. ವಸಂತಕಾಲದಲ್ಲಿ ಚೆರಿಮರಗಳು ಎಲೆ ಕಾಣದಷ್ಟು ಬಿಳೀ ಹೂಬಿಟ್ಟು ನಿಲ್ಲುತ್ತವೆ. ಆಮೇಲೆ ಬೀಚ್ ಮರಗಳ ಕಾಡು. ಆ ಮರಗಳ ಬುಡದಲ್ಲಿ ನಮ್ಮ ಮಲೆನಾಡಿನ ಹಾಗೆ ಬಳ್ಳಿ ಪೊದೆಗಳು ಹೆಣೆದುಕೊಂಡಿರುವದಿಲ್ಲ. ನುಣುಪಾದ ಬೂದುಬಣ್ಣದ ಕಂಬಗಳ ನಡುವೆ ನಡೆದ ಹಾಗಿರುವದು. ರೀಹೆನಿನಿಂದ ತುದಿಯ ವರೆಗೆ ಒಂದು ತಾಸು, ಸಾವಕಾಶವಾಗಿ ನಡೆಯುವವರಿಗೆ ಒಂದೂವರೆ ತಾಸು ಸಾಕು. ಹಗ್ಗವಾಗಲಿ ಮಾರ್ಗದರ್ಶಕನಾಗಲಿ ಬೇಕಾಗಿಲ್ಲ. ಮುದುಕರೂ ಮಕ್ಕಳೂ ಊರುಗೋಲು ಹಿಡಿದು ಏರುತ್ತಾರೆ. ನಡೆಯಲಾರದವರಿಗೆ ತುದಿಯ ವರೆಗೂ ಬಸ್ಸು ಹೋಗುತ್ತದೆ. ಮೈಸೂರಿನ ಚಾಮುಂಡಿಬೆಟ್ಟದ ಮೆಟ್ಟಲುಗಳನ್ನು ಹತ್ತಿದವನಿಗೆ ಇಲ್ಲಿ ಬೆವರು ಬರುವದೂ ಸಂದೇಹ.

ತುದಿಯನ್ನು ಮುಟ್ಟಿದಾಗ ಕಾಡು ತೆರೆದು ಆಕಾಶವು ಕಾಣುತ್ತದೆ. ಉತ್ತರದಲ್ಲಿ ಜರ್ಮನಿಯ ಕಪ್ಪುಕಾಡಿನ ಬೆಟ್ಟಗಳು, ಪಶ್ಚಿಮದಲ್ಲಿ ಫ್ರಾನ್ಸ್ ದೇಶದ ವೊಗೇಸ್ ಬೆಟ್ಟಗಳು, ದಕ್ಷಿಣದಲ್ಲಿ ಸ್ವಿಟ್ಜರ್ಲೆಂಡಿನ ಯೂರಾ ಬೆಟ್ಟಗಳು. ಗಾಳಿಯು ನಿರ್ಮಲವಾದ ದಿನಗಳಲ್ಲಿ ಅವುಗಳ ಆಚೆಗೆ ಆಲ್ಪ್ಸಿನ ಹಿಮಶಿಖರಗಳು. ಒಂದೇ ಸ್ಥಳದಲ್ಲಿ ನಿಂತು ಮೂರು ರಾಜ್ಯಗಳನ್ನು ನೋಡಬಹುದು. ಕೆಳಗೆ ರೈನ್ ನದಿಯು ಪಟ್ಟಣದೊಳಗೆ ಬಾಗಿ ಉತ್ತರಕ್ಕೆ ತಿರುಗುವದು. ಇವೆಲ್ಲವುಗಳ ಮಧ್ಯದಲ್ಲಿ, ಗುಡ್ಡದ ನೆತ್ತಿಯ ಮೇಲೆ, ಕಲ್ಲಿನ ಒಂದು ಹಳೇ ದೇವಾಲಯವು ನಿಂತದೆ.

೨. ಮೂವರು ಕನ್ಯೆಯರ ಕಥೆ

ಕ್ರಿಷೋನಾ ಎಂಬದು ಒಬ್ಬ ಸ್ತ್ರೀಯ ಹೆಸರು. ಪೂರ್ವಕಾಲದಲ್ಲಿ ಉರ್ಸುಲಾ ಎಂಬ ರಾಜಪುತ್ರಿಯು ಅನೇಕ ಕನ್ಯೆಯರನ್ನು ಕೂಡಿಕೊಂಡು ರೋಮಾಪುರಿಗೆ ಯಾತ್ರೆ ಹೋದಳೆಂದೂ, ಅವರಲ್ಲಿ ಒಬ್ಬಳಾದ ಕ್ರಿಷೋನಾ ಹಿಂದಿರುಗುವ ದಾರಿಯಲ್ಲಿ ಬಾಸೆಲಿನ ಬಳಿಯಲ್ಲಿ ಸತ್ತಳೆಂದೂ ಆ ಪ್ರಾಂತದ ಜನರು ಹೇಳುತ್ತಾರೆ. ಅವಳ ಹೆಣವನ್ನು ಒಂದು ಬಂಡಿಯ ಮೇಲಿಟ್ಟು ಹಸುಗಳನ್ನು ಕಟ್ಟಿ ತಮ್ಮಷ್ಟಕ್ಕೆ ಬಿಟ್ಟಾಗ, ಅವು ಮರಬಂಡೆಗಳು ದಾರಿ ಬಿಡಲಾಗಿ ನೆಟ್ಟಗೆ ಗುಡ್ಡವನ್ನು ಏರಿ ತುದಿಯಲ್ಲಿ ನಿಂತವಂತೆ. ಅಲ್ಲಿಯೇ ಅವಳನ್ನು ಹೂಣಿಟ್ಟರಂತೆ. ಇನ್ನೊಂದು ಕಥೆಯ ಪ್ರಕಾರ ಕ್ರಿಷೋನಾ, ಒಟ್ಟಿಲಿಯಾ, ಮಾರ್ಗರೇತಾ ಎಂಬ ಮೂವರು ಕನ್ಯೆಯರು ಎದುರುಬದುರಾಗಿರುವ ಮೂರು ಗುಡ್ಡಗಳ ಮೇಲೆ ಒಂದೊಂದು ದೇವಾಲಯವನ್ನು ಕಟ್ಟಿಕೊಂಡು, ರಾತ್ರಿಯಲ್ಲಿ ದೀಪ ತೋರಿಸಿ ಒಬ್ಬರ ಕ್ಷೇಮವನ್ನು ಒಬ್ಬರಿಗೆ ತಿಳಿಸುತ್ತಿದ್ದರು. ಟ್ಯುಲ್ಲಿಂಗೆನ್ ಗುಡ್ಡದ ಮೇಲೆ ಒಟ್ಟಿಲಿಯಾಳ ಹೆಸರಿನ ದೇವಾಲಯವೂ, ಬಿನ್ನಿಂಗೆನಿನಲ್ಲಿ ಮಾರ್ಗರೇತಾಳ ಹೆಸರಿನ ದೇವಾಲಯವೂ ಈಗಲೂ ಇವೆ.

ಇಂಥಾ ಕಥೆಗಳು ನಮ್ಮ ಹಳ್ಳಿಗಳವರಿಗೆ ವಿಚಿತ್ರವಾಗಿ ಕಾಣಲಾರವು. ಗುಡ್ಡಗುಡ್ಡಗಳ ದೇವತೆಗಳು ಅಕ್ಕತಂಗಿಯರೆಂದು ನಮ್ಮ ಹಿರಿಯರೂ ಹೇಳುತ್ತಿದ್ದರಷ್ಟೆ. ಮನುಷ್ಯನ ಮನಸ್ಸು ಎಲ್ಲಾ ದೇಶಗಳಲ್ಲಿಯೂ ಒಂದೇ ತರವಾಗಿದೆ: ಎತ್ತರವಾದ ಸ್ಥಳವನ್ನು ಕಂಡಲ್ಲಿ ಕಥೆಯನ್ನು ಕಟ್ಟುವದು, ಕಥೆ ಇದ್ದಲ್ಲಿ ಜಾತ್ರೆಯನ್ನು ಕೂಡಿಸುವದು. ನಾವು ಈ ಕಥೆಯನ್ನು ಚರಿತ್ರೆಯೆಂದು ಕಲಿಸಬಾರದು, ಅದನ್ನು ನಂಬಿದವರನ್ನು ಹಾಸ್ಯಮಾಡಲೂ ಬಾರದು. ದೂರದ ಗುಡ್ಡದ ಮೇಲೆ ದೀಪ ಕಂಡಾಗ ನನ್ನ ಸಹೋದರಿ ಬದುಕಿದ್ದಾಳೆಂದು ಸಂತೋಷಪಡುವ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಈಗ ಅದೇ ಗುಡ್ಡದ ಮೇಲೆ, ೧೯೮೦ರ ದಶಕದ ಮೊದಲ ವರುಷಗಳಲ್ಲಿ ಕಟ್ಟಲ್ಪಟ್ಟ ೨೫೦ ಮೀಟರ್ ಎತ್ತರದ ದೂರದರ್ಶನ ಗೋಪುರವು ನಿಂತು, ರೇಡಿಯೋ ಮತ್ತು ಚಿತ್ರಗಳನ್ನು ಸುತ್ತಲಿನ ಸೀಮೆಗೆಲ್ಲಾ ಕಳುಹಿಸುತ್ತದೆ. ದೀಪದ ಕೆಲಸವನ್ನು ಕಬ್ಬಿಣವೂ ಕಾಂಕ್ರೀಟೂ ವಹಿಸಿಕೊಂಡಿವೆ.

ಚರಿತ್ರೆಯಿಂದ ತಿಳಿದಿರುವದೇನಂದರೆ, ೧೫೦೪ರಲ್ಲಿ ಪೋಪನ ಪ್ರತಿನಿಧಿಯಾದ ಕಾರ್ಡಿನಲ್ ಪೆರೋಡಿ ಎಂಬವನು ಈ ಗುಡ್ಡದ ಮೇಲಿನ ಸಮಾಧಿಯನ್ನು ತೆರೆಯಿಸಿದನು. ಯಾತ್ರಿಕರು ಗುಂಪುಗುಂಪಾಗಿ ಬಂದರು. ಈಗ ಕಾಣುವ ದೇವಾಲಯವು ಹೆಚ್ಚುಕಡಿಮೆ ಆ ಕಾಲದ ಕಟ್ಟಡ. ಆದರೆ ಇಪ್ಪತ್ತೈದು ವರುಷಗಳು ಕಳೆಯುವಷ್ಟರಲ್ಲಿ, ೧೫೨೯ರಲ್ಲಿ, ಬಾಸೆಲ್ ಪಟ್ಟಣವು ಮತಸುಧಾರಣೆಯನ್ನು ಅಂಗೀಕರಿಸಿತು. ಎಲುಬುಗಳನ್ನು ಪೂಜಿಸುವದೂ ಯಾತ್ರೆ ಮಾಡುವದೂ ನಿಂತುಹೋದವು.

೩. ಹಾಳುಬಿದ್ದ ಮನೆ

ಇಲ್ಲಿ ಸುಧಾರಿತ ಸಭೆಯವರಾದ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ತಪ್ಪಾದ ಆರಾಧನೆಯನ್ನು ನಿಲ್ಲಿಸಿದ ಜನರು ಆ ಮನೆಯಲ್ಲಿ ಸರಿಯಾದದ್ದನ್ನು ಸ್ಥಾಪಿಸಿದರೋ? ಇಲ್ಲ. ಯಾತ್ರಿಕರು ಬಾರದೆ ಹೋದ ಮೇಲೆ ಗುಡ್ಡದ ದೇವಾಲಯವು ಯಾರಿಗೂ ಬೇಡವಾಯಿತು. ಮಳೆಹಿಮಗಳು ತಮ್ಮ ಕೆಲಸವನ್ನು ಮಾಡಿದವು. ಹೀಗೆ ಮುನ್ನೂರು ವರುಷ ಕಳೆದು, ಹತ್ತೊಂಭತ್ತನೇ ಶತಮಾನದಲ್ಲಿ ಅದು ಅರ್ಧ ಪಾಳು ಮನೆಯಾಗಿತ್ತು.

ಗುಡಿಯ ಹಬ್ಬವನ್ನು ಬಿಟ್ಟವನು ಅದರ ಸ್ಥಳದಲ್ಲಿ ಕುಟುಂಬ ಪ್ರಾರ್ಥನೆಯನ್ನು ಇಡದೆ ಹೋದರೆ ಅವನ ಮನೆಯೂ ಹೀಗೆಯೇ. ಹೊರಗೆ ಹೋದ ಅಶುದ್ಧಾತ್ಮವು ತಿರಿಗಿ ಬಂದು ಮನೆಯು ಬರಿದಾಗಿರುವದನ್ನು ಕಂಡ ವಿಷಯವಾಗಿ ಕರ್ತನು ಹೇಳಿದ ಸಾಮ್ಯವು (ಮತ್ತಾಯ ೧೨:೪೩–೪೫) ಇದಕ್ಕೆ ಒಪ್ಪುತ್ತದೆ. ಬಿಟ್ಟುಬಿಡುವದು ಅರ್ಧ ಕೆಲಸ. ತುಂಬಿಸುವದು ಮಿಕ್ಕ ಅರ್ಧ.

ಮುನ್ನೂರು ವರುಷಗಳ ತರುವಾಯ ಆ ಮನೆಯನ್ನು ತುಂಬಿಸಿದವರು ಕ್ರಿಸ್ಟಿಯಾನ್ ಫ್ರೀಡ್ರಿಖ್ ಸ್ಪಿಟ್ಲರ್ ಎಂಬವರು. ಅವರು ೧೭೮೨ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದರು. ಪಾದ್ರಿಯ ಮಗನಾಗಿದ್ದರೂ ತಾವು ಪಾದ್ರಿಯಾಗಲಿಲ್ಲ. ೧೮೦೧ರಲ್ಲಿ ಬಾಸೆಲಿಗೆ ಬಂದು ಒಂದು ಕ್ರೈಸ್ತ ಸಂಘದ ಕಚೇರಿಯಲ್ಲಿ ಕಾಗದಪತ್ರಗಳನ್ನು ನೋಡಿಕೊಳ್ಳುವ ಕಾರ್ಯದರ್ಶಿಯಾದರು. ಪ್ರಸಂಗಪೀಠದಲ್ಲಿ ಹೆಸರುವಾಸಿಯಾದವರಲ್ಲ, ಆದರೆ ಆ ಲೇಖಣಿಯಿಂದ ಹುಟ್ಟಿದ ಕಾರ್ಯಗಳು ಬಹಳ. ೧೮೦೪ರಲ್ಲಿ ಬಾಸೆಲಿನ ಸತ್ಯವೇದ ಸಂಘ, ೧೮೧೫ರಲ್ಲಿ ಬಾಸೆಲ್ ಮಿಶನ್, ೧೮೨೦ರಲ್ಲಿ ಬೊಯ್ಗೆನ್ ಎಂಬಲ್ಲಿ ಬಡ ಮಕ್ಕಳ ಗೃಹವೂ ಉಪಾಧ್ಯಾಯರ ಶಾಲೆಯೂ, ೧೮೫೨ರಲ್ಲಿ ಮೇಲೆ ಹೇಳಿದ ರೀಹೆನಿನ ದೀಕನೆಸ್ ಗೃಹ; ಇವೆಲ್ಲವುಗಳ ಆರಂಭದಲ್ಲಿ ಅವರ ಕೈ ಇತ್ತು.

ನೆಹೆಮೀಯನು ರಾತ್ರಿಯಲ್ಲಿ ಹೊರಟು ಯೆರೂಸಲೇಮಿನ ಕೆಡವಲ್ಪಟ್ಟ ಗೋಡೆಗಳನ್ನು ಸುತ್ತಿ ನೋಡಿದಂತೆ, ಸ್ಪಿಟ್ಲರರು ಗುಡ್ಡದ ಮೇಲಿನ ಈ ಹಾಳು ದೇವಾಲಯವನ್ನು ನೋಡಿದರು. ಅವರು ಅದನ್ನು ಬಾಸೆಲಿನ ಅಧಿಕಾರಿಗಳಿಂದ ಬಾಡಿಗೆಗೆ ಪಡಕೊಂಡು, ೧೮೪೦ರಲ್ಲಿ ಅಲ್ಲಿ ಒಂದು ಶಾಲೆಯನ್ನು ತೆರೆದರು. ಅದಕ್ಕೆ ಇಟ್ಟ ಹೆಸರು ಯಾತ್ರಿಕರ ಮಿಶನ್. ಹಿಂದೆ ಯಾತ್ರಿಕರು ದೂರದಿಂದ ಬಂದು ಗುಡ್ಡವನ್ನು ಏರುತ್ತಿದ್ದರು. ಇನ್ನು ಮೇಲೆ ಯಾತ್ರಿಕರು ಗುಡ್ಡದಿಂದ ಇಳಿದು ದೂರಕ್ಕೆ ಹೋಗತಕ್ಕವರು.

೪. ಕೈಕಸಬಿನವರ ಶಾಲೆ

ಬಾಸೆಲಿನಲ್ಲಿ ಆಗಲೇ ಒಂದು ಮಿಶನ್ ಇರಲಾಗಿ ಇನ್ನೊಂದು ಯಾಕೆಂದು ಕೇಳಬಹುದು. ಬಾಸೆಲ್ ಮಿಶನಿನ ಶಾಲೆಯಲ್ಲಿ ಮಿಶನೆರಿಗಳಾಗತಕ್ಕವರು ಅನೇಕ ವರುಷ ಓದಿ ಇಬ್ರಿಯ ಗ್ರೀಕ್ ಭಾಷೆಗಳನ್ನೂ ದೇವಜ್ಞಾನಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಅಂಥವರಿಂದ ನಮ್ಮ ನಾಡಿಗೆ ಬಹಳ ಉಪಕಾರವಾಯಿತು; ಮೊಯ್ಗ್ಲಿಂಗರು ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದನ್ನೂ, ಕಿಟ್ಟೆಲರು ೧೮೯೪ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ್ದನ್ನೂ ಯಾರು ಮರೆಯುವರು? ಆದರೆ ಬಡಗಿ, ಕಮ್ಮಾರ, ಚಮ್ಮಾರ, ನೇಕಾರರ ಮಕ್ಕಳಲ್ಲಿ ಭಕ್ತಿಯುಳ್ಳ ಅನೇಕ ಯುವಕರಿಗೆ ಅಷ್ಟು ಓದು ಸಾಧ್ಯವಿರಲಿಲ್ಲ. ಇಂಥವರ ಕೈಯಲ್ಲಿರುವ ಕಸಬನ್ನು ಬಿಡಿಸದೆ, ಅದರೊಂದಿಗೆ ಸತ್ಯವೇದದ ತಿಳುವಳಿಕೆಯನ್ನು ಸೇರಿಸಿ ಕಳುಹಿಸಬೇಕೆಂಬದು ಸ್ಪಿಟ್ಲರರ ಅಭಿಪ್ರಾಯವಾಗಿತ್ತು. ತಮ್ಮ ಕೈಯ ದುಡಿತದಿಂದ ಹೊಟ್ಟೆ ತುಂಬಿಸಿಕೊಂಡು, ನೆರೆಯವರ ನಡುವೆ ಬಾಳಿ, ಬಾಯಿಂದಲೂ ನಡತೆಯಿಂದಲೂ ಸಾಕ್ಷಿ ಕೊಡುವವರು ಬೇಕೆಂದು ಅವರು ಎಣಿಸಿದರು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಗುಡಾರ ಹೊಲಿಯುವ ಕೆಲಸವನ್ನು ಮಾಡುತ್ತಾ ಸಬ್ಬತ್ ದಿನಗಳಲ್ಲಿ ಸಭಾಮಂದಿರದಲ್ಲಿ ಮಾತಾಡಿದನಲ್ಲವೇ?

ಹೀಗೆ ಗುಡ್ಡದ ಮೇಲೆ ಓದೂ ದುಡಿತವೂ ಒಂದೇ ದಿನಚರಿಯಲ್ಲಿ ಕೂಡಿದವು. ಆರಂಭದಲ್ಲಿ ಮನುಷ್ಯರು ಕೆಲವರೇ, ಹಣವು ಕಡಿಮೆ. ೧೮೬೮ರಲ್ಲಿ ಕಾರ್ಲ್ ಹೈನ್ರಿಖ್ ರಪ್ಪಾರ್ಡರು ಮುಖ್ಯಸ್ಥರಾಗಿ ಬಂದು ೧೯೦೯ರಲ್ಲಿ ತಾವು ತೀರಿಹೋಗುವ ವರೆಗೆ ಅದನ್ನು ನಡಿಸಿದರು. ಅವರ ಹೆಂಡತಿಯಾದ ಡೋರಾ ರಪ್ಪಾರ್ಡಮ್ಮನವರು ಬರೆದ ಕೀರ್ತನೆಗಳು ಜರ್ಮನ್ ಭಾಷೆಯ ಸಭೆಗಳಲ್ಲಿ ಬಹಳವಾಗಿ ಹಾಡಲ್ಪಟ್ಟವು.

ಈ ವಿಚಾರವು ಕನ್ನಡ ನಾಡಿನ ವಿಶ್ವಾಸಿಗಳಿಗೆ ಬಹಳ ಸಮೀಪವಾದದ್ದು. ನಮ್ಮ ಕರಾವಳಿಯಲ್ಲಿ ಮೊದಲು ಕ್ರೈಸ್ತರಾದವರಲ್ಲಿ ಅನೇಕರು ಜಾತಿಯಿಂದ ಹೊರಗಾದ ದಿನವೇ ಗೇಣಿಯ ಹೊಲವನ್ನೂ ಕುಲದ ಕಸಬನ್ನೂ ಕಳಕೊಂಡರು. ಕಳ್ಳು ಇಳಿಸುತ್ತಿದ್ದವನು ಆ ಕೆಲಸವನ್ನು ಬಿಟ್ಟನು. ಅವನ ಮಕ್ಕಳಿಗೆ ಗಂಜಿ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಪ್ರಸಂಗದಿಂದ ಮಾತ್ರ ಉತ್ತರ ಕೊಡಲಾಗದೆಂದು ಕಂಡು, ಬಾಸೆಲ್ ಮಿಶನಿನವರು ಹಾಲ್ಲರರ ಮುಖಾಂತರ ಮಂಗಳೂರಿನಲ್ಲಿ ನೆಯ್ಗೆಯ ಕೆಲಸವನ್ನು ಬೆಳಿಸಿದರು; ೧೮೬೫ರಲ್ಲಿ ಪ್ಲೆಬ್ಸ್ಟರು ಜಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಆ ಮಾದರಿಯ ಮಂಗಳೂರು ಹಂಚು ಎಷ್ಟೋ ಊರುಗಳ ಮನೆಗಳನ್ನು ಹೊದಿಸಿದೆ. ಆದಕಾರಣ ಕೈಕೆಲಸವು ಸುವಾರ್ತೆಗೆ ಹೊರಗಿನ ವಿಷಯವೆಂದು ನಮ್ಮಲ್ಲಿ ಯಾರೂ ಹೇಳಲಾರರು.

೫. ಇಳಿದು ಹೋದವರು

ಗುಡ್ಡದಿಂದ ಇಳಿದವರು ಎಲ್ಲಿಗೆ ಹೋದರು? ಕೆಲವರು ಅಮೇರಿಕಾ ಖಂಡದ ಟೆಕ್ಸಸಿಗೆ ಹೋಗಿ, ಅಲ್ಲಿ ನೆಲೆಗೊಂಡಿದ್ದ ಜರ್ಮನ್ ಒಕ್ಕಲಿಗರ ನಡುವೆ ಸಭೆಗಳನ್ನು ಕೂಡಿಸಿದರು. ೧೮೫೧ರಲ್ಲಿ ಟೆಕ್ಸಸಿನ ಲುಥೆರನ್ ಸಭೆಗಳ ಸಿನೊಡ್ ಸ್ಥಾಪಿಸಲ್ಪಟ್ಟಾಗ ಅವರೇ ಅದರ ಮೂಲಪುರುಷರು. ಇನ್ನು ಕೆಲವರು ಯೆರೂಸಲೇಮಿಗೆ ಹೋದರು. ಅವರಲ್ಲಿ ಇಬ್ಬರ ವೃತ್ತಾಂತವನ್ನು ಮಾತ್ರ ಹೇಳುವೆವು.

ಕೊನ್ರಾಡ್ ಶಿಕ್ ಎಂಬವರು ೧೮೨೨ರಲ್ಲಿ ಹುಟ್ಟಿ, ಯಂತ್ರಗಳ ಕೈಕೆಲಸವನ್ನು ಕಲಿತವರು. ೧೮೪೬ರಲ್ಲಿ ಸ್ಪಿಟ್ಲರರು ಅವರನ್ನು ಒಬ್ಬ ಜೊತೆಗಾರನೊಂದಿಗೆ ಯೆರೂಸಲೇಮಿಗೆ ಕಳುಹಿಸಿದರು. ಅಲ್ಲಿ ಸಹೋದರರ ಗೃಹವೆಂಬದನ್ನು ನಡಿಸುವ ಉದ್ದೇಶವು ಕೆಲವು ವರುಷಗಳಲ್ಲಿ ಮುರಿದುಬಿತ್ತು. ಶಿಕ್ಕರು ಊರಿಗೆ ಹಿಂದಿರುಗಲಿಲ್ಲ. ಬೇರೊಂದು ಮಿಶನಿನ ಕೈಗಾರಿಕೆ ಶಾಲೆಯಲ್ಲಿ ಹುಡುಗರಿಗೆ ಮರಗೆಲಸವನ್ನು ಕಲಿಸುತ್ತಾ, ತಾವೇ ಓದಿ ಅಳೆದು ಬರೆದು, ಯೆರೂಸಲೇಮಿನ ಪ್ರಸಿದ್ಧ ಶಿಲ್ಪಿಯೂ ಪ್ರಾಚೀನ ವಸ್ತುಗಳ ಶೋಧಕರೂ ಆದರು. ಪೂರ್ವಕಾಲದ ದೇವಾಲಯದ ಮಾದರಿಗಳನ್ನು ಮರದಿಂದ ಮಾಡಿದರು. ೧೮೮೭ರಲ್ಲಿ ಕುಷ್ಠರೋಗಿಗಳಿಗಾಗಿ ಕಟ್ಟಲ್ಪಟ್ಟ ಆಸ್ಪತ್ರೆಗೆ ನಕ್ಷೆಯನ್ನು ಕೊಟ್ಟವರು ಇವರೇ. ತಾವು ವಾಸಿಸುವದಕ್ಕೆ ಕಟ್ಟಿಕೊಂಡ ಮನೆಗೆ, ರೂಪಾಂತರದ ಗುಡ್ಡವೆಂದು ಹಿರಿಯರು ಹೇಳುವ ತಾಬೋರಿನ ಹೆಸರನ್ನಿಟ್ಟರು.

೧೮೮೦ರಲ್ಲಿ ಒಂದು ಸಂಗತಿ ನಡೆಯಿತು. ಅರಸನಾದ ಹಿಜ್ಕೀಯನು ನೀರನ್ನು ಪಟ್ಟಣದೊಳಗೆ ತಂದನೆಂದು ೨ ಅರಸುಗಳು ೨೦:೨೦ರಲ್ಲಿ ಓದುತ್ತೇವೆ. ಆ ನೀರಿನ ಸುರಂಗವು ಬಂಡೆಯೊಳಗೆ ಸುಮಾರು ೧,೭೫೦ ಅಡಿ ಉದ್ದವಾಗಿ ಸಿಲೋವ ಕೊಳದ ವರೆಗೆ ಹೋಗುತ್ತದೆ. ಶಿಕ್ಕರ ಶಿಷ್ಯರಲ್ಲಿ ಒಬ್ಬ ಹುಡುಗನು ಆ ನೀರಿನಲ್ಲಿ ಆಡುತ್ತಾ ಹೋಗಿ, ಸುರಂಗದ ಗೋಡೆಯ ಮೇಲೆ ಅಕ್ಷರಗಳನ್ನು ಕಂಡು ಬಂದು ಹೇಳಿದನು. ಶಿಕ್ಕರು ಒಳಹೊಕ್ಕು ನೋಡಿ ವಿದ್ವಾಂಸರಿಗೆ ತಿಳಿಸಿದರು. ಅದು ಹಳೇ ಇಬ್ರಿಯ ಬರಹವಾಗಿತ್ತು. ಅದರಲ್ಲಿ ಅರಸನ ಹೆಸರೇ ಇಲ್ಲ. ಎರಡು ಕಡೆಗಳಿಂದ ಬಂಡೆಯನ್ನು ಕಡಿಯುತ್ತಾ ಬಂದ ಕೆಲಸಗಾರರು ಒಬ್ಬರ ಸ್ವರವನ್ನು ಒಬ್ಬರು ಕೇಳಿ ಹೇಗೆ ನಡುವೆ ಕೂಡಿದರೆಂಬದೇ ಅದರ ವಿಷಯ. ಆ ಕಲ್ಲು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲುಕುಟಿಗರು ಬರೆಯಿಸಿದ ಸಾಕ್ಷಿಯನ್ನು ಲೋಕಕ್ಕೆ ತಿಳಿಸಿದವರು ಒಬ್ಬ ಕೈಕಸಬಿನ ಉಪಾಧ್ಯಾಯರು. ಇದು ಎಷ್ಟು ಒಪ್ಪುವ ಸಂಗತಿ!

ಮತ್ತೊಬ್ಬರು ಯೋಹಾನ್ ಲುಡ್ವಿಗ್ ಶ್ನೆಲ್ಲರ್. ಅವರು ಕೆಲವು ವರುಷ ಕ್ರಿಷೋನಾದಲ್ಲಿ ಗೃಹಾಧಿಪತಿಯಾಗಿದ್ದು, ೧೮೫೪ರಲ್ಲಿ ಯೆರೂಸಲೇಮಿಗೆ ಹೋದರು. ೧೮೬೦ರಲ್ಲಿ ಲೆಬನೋನಿನಲ್ಲಿ ದೊಡ್ಡ ಕೊಲೆ ನಡೆದು ಮಕ್ಕಳು ತಬ್ಬಲಿಗಳಾದಾಗ, ಅವರನ್ನು ಕೂಡಿಸಿಕೊಂಡು ಬಂದು ಅನಾಥಶಾಲೆಯನ್ನು ತೆರೆದರು. ಅಲ್ಲಿಯ ಹುಡುಗರು ಓದಿನೊಂದಿಗೆ ಕಸಬುಗಳನ್ನೂ ಕಲಿತರು. ಆ ಶಾಲೆಗೆ ಮುಂದೆ ಇಟ್ಟಿಗೆ ಹಂಚುಗಳ ಕಾರ್ಖಾನೆಯೂ ಸೇರಿತು. ಮಂಗಳೂರಿನಲ್ಲಿಯೂ ಯೆರೂಸಲೇಮಿನಲ್ಲಿಯೂ ಬಡವರ ಅನ್ನಕ್ಕಾಗಿ ಮಣ್ಣನ್ನು ಸುಟ್ಟು ಹಂಚು ಮಾಡುವ ಆಲೋಚನೆಯೇ ತೋರಿತೆಂಬದನ್ನು ನೋಡಿರಿ.

೬. ತೋಪಿನ ಕಥೆ

ಕೈಕೆಲಸವನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ಪಾಠವು ಪೂರ್ಣವಾಗದು. ಗುಡ್ಡದಿಂದ ಇಳಿದ ದಾರಿಗಳಲ್ಲಿ ಒಂದು ಬಹಳ ಕಷ್ಟದ ಸ್ಥಳಕ್ಕೆ ಮುಟ್ಟಿತು.

ಯೆರೂಸಲೇಮಿನಿಂದ ಐಗುಪ್ತದ ಮಾರ್ಗವಾಗಿ ಇಥಿಯೋಪ್ಯದ ವರೆಗೆ ಹನ್ನೆರಡು ಠಾಣೆಗಳನ್ನು ಕಟ್ಟಿ, ಒಂದೊಂದಕ್ಕೆ ಒಬ್ಬೊಬ್ಬ ಅಪೊಸ್ತಲನ ಹೆಸರನ್ನಿಡಬೇಕೆಂದು ಸ್ಪಿಟ್ಲರರು ಯೋಚಿಸಿದ್ದರು. ಇದಕ್ಕೆ ಅಪೊಸ್ತಲರ ಬೀದಿ ಎಂದು ಹೆಸರು. ಅದರಲ್ಲಿ ಕೆಲವು ಠಾಣೆಗಳು ಮಾತ್ರ ಉಂಟಾದವು, ಯೋಚನೆಯು ಕೈಗೂಡಲಿಲ್ಲ. ಆದರೂ ೧೮೫೫ರಿಂದ ಮುಂದಕ್ಕೆ ಫ್ಲಾಡ್, ವಾಲ್ಡ್‌ಮಾಯರ್ ಮೊದಲಾದ ಕ್ರಿಷೋನಾದ ಸಹೋದರರು ಇಥಿಯೋಪ್ಯವನ್ನು ಸೇರಿದರು. ಅಲ್ಲಿಯ ಚಕ್ರವರ್ತಿಯಾದ ತೆವೋದ್ರೊಸನು ಕಸಬುಗಾರರು ಬಂದರೆಂದು ಬಹಳ ಸಂತೋಷಪಟ್ಟು ಅವರನ್ನು ಆದರಿಸಿದನು. ಸ್ವಲ್ಪ ಕಾಲದ ಮೇಲೆ ಅವನು ಅವರಿಂದ ಕೇಳಿದ್ದು ನೇಗಿಲನ್ನಲ್ಲ, ತೋಪುಗಳನ್ನು. ಅವರು ಅದನ್ನು ಕಲಿತು ಬಂದವರಲ್ಲ. ಹೋದದ್ದು ಸತ್ಯವೇದವನ್ನು ಹಂಚುವದಕ್ಕೆ. ಆದರೆ ಅರಸನ ಅಪ್ಪಣೆಯನ್ನು ಮೀರುವ ಉಪಾಯವಿರಲಿಲ್ಲ. ಗಫಾತ್ ಎಂಬ ಊರಿನಲ್ಲಿ ಒಲೆಗಳನ್ನು ಕಟ್ಟಿ, ಬೇರೆ ಯೂರೋಪಿನವರ ಸಂಗಡ ಸೇರಿ, ಅವರು ತೋಪುಗಳನ್ನು ಎರಕ ಹೊಯ್ದರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸೆವಾಸ್ತೊಪೊಲ್ ಎಂಬ ತೋಪು ಸುಮಾರು ೭ ಟನ್ನು ಭಾರವಾಗಿತ್ತು.

ಮುಂದೆ ಚಕ್ರವರ್ತಿಗೂ ಇಂಗ್ಲಿಷ್ ಸರಕಾರಕ್ಕೂ ಮನಸ್ತಾಪ ಹುಟ್ಟಿ, ಇಂಗ್ಲಿಷ್ ಪ್ರತಿನಿಧಿಯೂ ಅನೇಕ ಮಿಶನೆರಿಗಳೂ ಸೆರೆಯಾದರು. ಕಸಬುಗಾರರೂ ದೇಶವನ್ನು ಬಿಟ್ಟು ಹೋಗಲಾರದವರಾದರು. ೧೮೬೬ರಲ್ಲಿ ಚಕ್ರವರ್ತಿಯು ಫ್ಲಾಡರನ್ನು ತನ್ನ ದೂತನಾಗಿ ಇಂಗ್ಲೆಂಡಿಗೆ ಕಳುಹಿಸಿ, ಅವರ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡನು. ಇಂಗ್ಲೆಂಡನ್ನು ಮುಟ್ಟಿದ ಆ ಮನುಷ್ಯನು ಸ್ವತಂತ್ರನಾಗಿದ್ದನು. ಆದರೂ ಅವರು ತಿರಿಗಿ ಸೆರೆಯ ದೇಶಕ್ಕೆ ಹೋದರು. ೧೮೬೮ರಲ್ಲಿ ನೇಪಿಯರನ ಕೈಕೆಳಗೆ ಮುಂಬಯಿಯಿಂದ ಹೊರಟ, ಹಿಂದೂದೇಶದ ಸಿಪಾಯಿಗಳೂ ಸೇರಿದ್ದ ದಂಡು ಮಗ್ದಲಾ ಎಂಬ ಬೆಟ್ಟದ ಕೋಟೆಯನ್ನು ಹಿಡಿಯಿತು. (ಇದು ಮಗ್ದಲದ ಮರಿಯಳ ಊರಲ್ಲ, ಹೆಸರು ಮಾತ್ರ ಅದರಂತಿದೆ.) ಚಕ್ರವರ್ತಿಯು ತನ್ನ ಕೈಯಿಂದಲೇ ಪ್ರಾಣ ಕಳಕೊಂಡನು, ಸೆರೆಯವರು ಬಿಡುಗಡೆಯಾ­ದರು. ಅಷ್ಟು ಪ್ರಯಾಸದಿಂದ ಬೆಟ್ಟಕ್ಕೆ ಎಳೆದು ತಂದಿದ್ದ ಸೆವಾಸ್ತೊಪೊಲ್ ತೋಪು ಅರಸನಿಗೆ ಜಯ ಕೊಡಲಿಲ್ಲ.

ಈ ಸಹೋದರರು ಮಾಡಿದ್ದು ಸರಿಯೋ ತಪ್ಪೋ? ಬೆಚ್ಚಗೆ ಕೂತುಕೊಂಡು ಓದುವ ನಾವು ಬೇಗನೆ ತೀರ್ಪುಹೇಳಬಾರದು. ಒಂದು ಪಕ್ಷದಲ್ಲಿ ಅರಸನ ಕೋಪ, ಹೆಂಡತಿ ಮಕ್ಕಳ ಪ್ರಾಣ, ಬೋಧನೆಗೆ ಬಾಗಿಲು ಮುಚ್ಚುವ ಭಯ. ಇನ್ನೊಂದು ಪಕ್ಷದಲ್ಲಿ ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲಿನ ಗುಳಗಳನ್ನು ಮಾಡುವ ದಿನವನ್ನು ಕುರಿತು ಯೆಶಾಯನು ಕಂಡ ದರ್ಶನ. ಇವರ ಕುಲುಮೆಯು ಆ ದರ್ಶನಕ್ಕೆ ಹಿಂದುಮುಂದಾಗಿ ಉರಿಯಿತು. ಕೈಗೆ ಕಸಬಿದ್ದರೆ ಸಾಲದು. ಆ ಕೈಯನ್ನು ಯಾರು ಹಿಡಿದು ನಡಿಸುತ್ತಾರೆಂಬದು ದೊಡ್ಡ ಪ್ರಶ್ನೆ. ಚಿಕ್ಕ ಉಪಕಾರಕ್ಕೆ ಒಪ್ಪಿಕೊಂಡವನು, ದೊಡ್ಡ ಕೆಟ್ಟ ಕೆಲಸವನ್ನು ಬೇಡವೆನ್ನುವ ಶಕ್ತಿಯನ್ನು ಹೆಜ್ಜೆಹೆಜ್ಜೆಗೆ ಕಳಕೊಳ್ಳುವನು.

ವಾಲ್ಡ್‌ಮಾಯರರ ಮುಂದಿನ ಜೀವಮಾನವು ನಮಗೆ ಧೈರ್ಯ ಕೊಡುತ್ತದೆ. ಬಿಡುಗಡೆಯಾದ ಮೇಲೆ ಅವರು ಲೆಬನೋನಿಗೆ ಹೋದರು. ೧೮೭೩ರಲ್ಲಿ ಬ್ರುಮ್ಮಾನ ಎಂಬ ಬೆಟ್ಟದೂರಿನಲ್ಲಿ ಶಾಲೆಯನ್ನು ಸ್ಥಾಪಿಸಿದರು. ತಮ್ಮ ಮುಪ್ಪಿನಲ್ಲಿ ಬೇರೂತಿನ ಹತ್ತಿರ ಅಸ್ಫೂರಿಯೆ ಎಂಬಲ್ಲಿ ಬುದ್ಧಿಭ್ರಮಣೆಯುಳ್ಳವರಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿದರು. ಆ ದೇಶದಲ್ಲಿ ಅಂಥಾ ರೋಗಿಗಳನ್ನು ದೆವ್ವ ಹಿಡಿದವರೆಂದು ಸಂಕೋಲೆಯಿಂದ ಕಟ್ಟುತ್ತಿದ್ದ ಕಾಲವದು. ತೋಪು ಎರಕ ಹೊಯ್ದ ಕೈಗಳು ಸಂಕೋಲೆಯನ್ನು ಬಿಚ್ಚುವ ಕೆಲಸದಲ್ಲಿ ಮುಗಿದವು. ಗುಡ್ಡದ ಕೆಳಗೆ ರೋಗಿಯಾದ ಮಗನೊಂದಿಗೆ ಕಾದಿದ್ದ ಆ ತಂದೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಿರಿ.

೭. ನಾವು ಕಲಿಯತಕ್ಕದ್ದು

ಪ್ರಿಯ ವಾಚಕರೇ, ಕ್ರಿಷೋನಾ ಗುಡ್ಡವನ್ನು ಏರುವದು ಸುಲಭವೆಂದು ಹೇಳಿದೆವು. ಇಳಿಯುವದು ಸುಲಭವಲ್ಲವೆಂಬದನ್ನು ಈಗ ಕಂಡಿರಿ. ನಮ್ಮ ಆದಿತ್ಯವಾರದ ಆರಾಧನೆಯೂ ಹಾಗೆಯೇ. ಶುಭ್ರವಾದ ಬಟ್ಟೆ ಉಟ್ಟು, ಕೀರ್ತನೆ ಹಾಡಿ, ಪ್ರಸಂಗ ಕೇಳಿ ಒಂದು ತಾಸು ಎತ್ತರದಲ್ಲಿರುವದು ಕಷ್ಟವಲ್ಲ. ಸೋಮವಾರ ಬೆಳಿಗ್ಗೆ ಗದ್ದೆಗೂ ಮಗ್ಗಕ್ಕೂ ಕುಲುಮೆಗೂ ಸಂತೆಗೂ ಇಳಿಯುವಾಗಲೇ ನಾವು ಮೇಲೆ ಕಂಡದ್ದು ಏನೆಂಬದು ಗೊತ್ತಾಗುವದು. ಸಂತೆಯಲ್ಲಿ ಸರಿಯಾಗಿ ಅಳೆಯುವ ಸೇರು, ಕೂಲಿಯವನಿಗೆ ಸಂಜೆಯೇ ಕೊಡುವ ಕೂಲಿ, ಬಿಗಿಯಾಗಿ ನೆಯ್ದ ಬಟ್ಟೆ, ಇವೂ ಸಾಕ್ಷಿಗಳು.

ನನಗೆ ವಿದ್ಯೆ ಇಲ್ಲ, ನಾನು ಕರ್ತನಿಗೆ ಏನು ಮಾಡಲಿ ಎಂದು ಹಿಂಜರಿಯುವ ಸಹೋದರನು ಶಿಕ್ಕರನ್ನು ನೆನೆಯಲಿ. ನನ್ನ ಯೋಚನೆ ಮುರಿದುಬಿತ್ತೆಂದು ಅಳುವವನು ಅಪೊಸ್ತಲರ ಬೀದಿಯನ್ನು ನೆನೆಯಲಿ. ಆ ಬೀದಿ ಪೂರ್ಣವಾಗಲಿಲ್ಲ, ಆದರೆ ಅದರಲ್ಲಿ ನಡೆದವರ ಕೆಲಸವು ವ್ಯರ್ಥವಾಗಲಿಲ್ಲ. ಒಬ್ಬ ಯಜಮಾನನು ಒಳ್ಳೇ ಕೂಲಿ ತೋರಿಸಿ ಸುಳ್ಳುಲೆಕ್ಕ ಬರೆಯೆಂದರೆ, ಕಳ್ಳಮಾಲನ್ನು ಹೊರೆಂದರೆ, ಆ ಮೊದಲನೇ ದಿನವೇ ಗಫಾತಿನ ಒಲೆಯನ್ನು ಮನಸ್ಸಿಗೆ ತಂದುಕೊಳ್ಳಲಿ. ನಿಮ್ಮ ಊರಿನಲ್ಲಿ ಮಾಡು ಸೋರುವ ಪ್ರಾರ್ಥನಾಲಯವಿದ್ದರೆ, ಹಣ ಬರುವ ವರೆಗೆ ಕಾಯುತ್ತಾ ಕೂತುಕೊಳ್ಳದೆ, ಸಭೆಯಲ್ಲಿರುವ ಬಡಗಿಯೂ ಕಮ್ಮಾರನೂ ಮಣ್ಣು ಕಲಸಬಲ್ಲ ಹೆಂಗಸರೂ ಒಂದು ಶನಿವಾರ ಕೂಡಿಬರಲಿ. ನೆಹೆಮೀಯನ ಕಾಲದಲ್ಲಿ ಅನೇಕರು ತಮ್ಮ ತಮ್ಮ ಮನೆಯ ಎದುರಿನ ಗೋಡೆಯ ಪಾಲನ್ನು ಕಟ್ಟಿದರು.

ಸಭಾಕೂಟದಲ್ಲಿ ಮಾತಾಡತಕ್ಕ ಪ್ರಶ್ನೆಗಳು

೧. ರೂಪಾಂತರದ ಗುಡ್ಡದ ಮೇಲೆ ಪೇತ್ರನು ಏನು ಕಟ್ಟಬೇಕೆಂದನು? ಗುಡ್ಡದ ಕೆಳಗೆ ಯಾರು ಕಾದಿದ್ದರು?

೨. ಮತಸುಧಾರಣೆಯ ತರುವಾಯ ಕ್ರಿಷೋನಾದ ದೇವಾಲಯವು ಯಾಕೆ ಹಾಳುಬಿದ್ದಿತು? ನಾವು ಬಿಟ್ಟ ಹಳೇ ಪದ್ಧತಿಗಳ ಸ್ಥಳದಲ್ಲಿ ನಮ್ಮ ಮನೆಗಳಲ್ಲಿ ಏನನ್ನು ಇಟ್ಟಿದ್ದೇವೆ?

೩. ಪೌಲನು ಕೊರಿಂಥದಲ್ಲಿ ಯಾವ ಕಸಬನ್ನು ಮಾಡಿದನು? ನಮ್ಮ ಸಭೆಯಲ್ಲಿ ಯಾವ ಯಾವ ಕಸಬಿನವರಿದ್ದಾರೆ? ಅವರಿಂದ ನೆರೆಯವರಿಗೆ ಯಾವ ಉಪಕಾರವಾಗಬಹುದು?

೪. ಫ್ಲಾಡರು ಇಂಗ್ಲೆಂಡಿನಲ್ಲಿ ಉಳಿಯದೆ ತಿರಿಗಿ ಹೋದದ್ದು ಯಾಕೆ? ಕರ್ತನು ಹೇಳಿದ ಒಳ್ಳೇ ಕುರುಬನ ಮಾತಿಗೆ (ಯೋಹಾನ ೧೦:೧೧–೧೩) ಇದನ್ನು ಹೋಲಿಸಿರಿ.

೫. ಅಧಿಕಾರವುಳ್ಳವರು ಮನಸ್ಸಾಕ್ಷಿಗೆ ವಿರೋಧವಾದ ಕೆಲಸವನ್ನು ಹೇಳಿದಾಗ ವಿಶ್ವಾಸಿಯು ಏನು ಮಾಡಬೇಕು? ದಾನಿಯೇಲ ೩ನೇ ಅಧ್ಯಾಯವನ್ನೂ ಓದಿ ಮಾತಾಡಿರಿ.

ಓದುಬಾರದ ಹಿರಿಯರು ಕೂಟದಲ್ಲಿದ್ದರೆ ಮೊದಲು ಗುಡ್ಡದ ದಾರಿಯನ್ನೂ ಮೂವರು ಕನ್ಯೆಯರ ಕಥೆಯನ್ನೂ ಬಾಯಲ್ಲಿ ಹೇಳಿ, ಆಮೇಲೆ ಪ್ರಶ್ನೆಗಳನ್ನು ಕೇಳತಕ್ಕದ್ದು. ಐದನೇ ಪ್ರಶ್ನೆಗೆ ಉಪದೇಶಿಯು ತಾನೇ ಉತ್ತರ ಹೇಳಿ ಮುಗಿಸದೆ, ಕೂಲಿಗೆ ಹೋಗುವವರೂ ಹೆಂಗಸರೂ ತಮ್ಮ ಅನುಭವವನ್ನು ಹೇಳುವಂತೆ ಸಮಯ ಕೊಡಬೇಕು.